ರುಮಾಲು ನಂಬರ್ ನಲವತ್ತೊಂದು

ಗಂಟು ಬಿಚ್ಚಿದರೆ ಮೊದಲು ಸೀನು,
ಆಮೇಲೆ ಇತಿಹಾಸ.
ಪುಣೆಯ ದಫ್ತರದಲ್ಲಿ ಮೂರನೆಯ ಮೇಜು ನನ್ನದು.
ಕಿಟಕಿಯಾಚೆ ರಿಕ್ಷಾಗಳ ಜಗಳ,
ಒಳಗೆ ಒಣ ಬೇವಿನೆಲೆ, ಡಾಂಬರು ಗುಳಿಗೆ,
ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ಒಬ್ಬ ಮನುಷ್ಯ:
ರಾಜಶ್ರೀ ನರಸೋ ಭಾನಜಿ ಕಣವಳ್ಳೀಕರ,
ದಿಲಾವರ ಜಂಗ.

ಜಂಗ ಎಂದರೆ ಯುದ್ಧ.
ಈತ ಕತ್ತಿ ಹಿರಿಯುತ್ತಿದ್ದದ್ದು ದಸರೆಗೊಮ್ಮೆ, ಪೂಜೆಗೆ;
ಅದೂ ಒಂದು ವರ್ಷ ತುಕ್ಕು ಹಿಡಿದು ಒರೆಯಿಂದ ಬಾರದೆ
ಕಮ್ಮಾರನಿಗೆ ಎರಡಾಣೆ ಕೊಟ್ಟ ಲೆಕ್ಕವಿದೆ.
ಗೆದ್ದದ್ದೆಲ್ಲ ನಾಲಗೆಯಿಂದ.
ನವಾಬನ ಡೇರೆಯಲ್ಲಿ ಹದಿನೇಳು ದಿನ ಕೂತು
ಎಲೆಯಡಿಕೆ ಮೆಲ್ಲುತ್ತ
ಎರಡು ಕೋಟೆ ಬಿಡಿಸಿಕೊಂಡು ಬಂದವನು.
ಯಾರಿಗೂ ಇಲ್ಲ ಅಂದವನಲ್ಲ,
ನೋಡೋಣ ಅಂದವನು.

ಮೋಡಿ ಬರಹದಲ್ಲಿ ಪದಗಳ ನಡುವೆ ಬಿಡುವಿಲ್ಲ.
ಮೇಲೊಂದು ಗೆರೆ ಎಳೆದು, ಬಟ್ಟೆ ಒಣಹಾಕಿದ ಹಾಗೆ
ಅಕ್ಷರಗಳ ತೂಗುಹಾಕುತ್ತ ಹೋಗುವುದು,
ಲೇಖಣಿ ಎತ್ತದೆ.
ನರಸೋಪಂತನ ರಾಜಕಾರಣವೂ ಹಾಗೇ:
ಚಿಕ್ಕಪ್ಪನ ಪಕ್ಷ ಎಲ್ಲಿ ಮುಗಿದು
ಕಾರಭಾರಿಗಳ ಪಕ್ಷ ಎಲ್ಲಿ ಸುರುವಾಯಿತೋ
ಭೂತಗನ್ನಡಿ ಹಿಡಿದರೂ ತಿಳಿಯದು.

ಹೆಂಡತಿ ಅಂಬೂಬಾಯಿ, ತುಂಗಭದ್ರೆಯ ದಡದವಳು.
ಪಾಲಖಿಯ ಮಾನ ಸಿಕ್ಕ ವರ್ಷ
ಅವಳ ನತ್ತು ಸಾಹುಕಾರನ ಪೆಟ್ಟಿಗೆ ಸೇರಿತು.
ಪಾಲಖಿ ಕೊಟ್ಟರು ಸರಕಾರದವರು,
ಹೊರುವ ಎಂಟು ಭೋಯಿಗಳ ಪಗಾರ ಕೊಡಲಿಲ್ಲ.
ಮಗ ಬಾಳೋಬ, ಗಂಜೀಫಾ ಎಲೆಗಳ ರಸಿಕ.
ಮಗಳು ಠಕೂ, ಆರು ವರ್ಷ;
ಅವಳ ಹೆಸರಲ್ಲಿ ಒಂದು ಮರದ ಗಿಣಿ,
ಬಣ್ಣ ಬಳಿದ ಕೂಲಿ ಸಹಿತ, ಅರ್ಧಾಣೆ.

ಛಾವಣಿಯಿಂದ ಬರೆದ ಪತ್ರಗಳೆಲ್ಲ ಮರಾಠಿ,
ನಡುನಡುವೆ ಪಾರಸಿಯ ಅತ್ತರು.
ಒಂದರಲ್ಲಿ ಮಾತ್ರ,
ಬಹುತ ಕಾಯ ಲಿಹಿಣೆ ಎಂದು ಮುಗಿಸಿದ ಮೇಲೆ
ಅಂಚಿನಲ್ಲಿ, ಶಾಯಿ ತೀರುತ್ತಿದ್ದ ಲೇಖಣಿಯ
ಒಂದು ಸಾಲು.
ಓದಿದೆ, ಹತ್ತಲಿಲ್ಲ.
ಸಾಲೇಕರ ಮೇಡಂಗೆ ತೋರಿಸಿದೆ,
ಏನೋ ಗುಪ್ತ ಸಂಕೇತ ಎಂದರು.
ಮಧ್ಯಾಹ್ನ ಡಬ್ಬಿ ತೆಗೆದು ರೊಟ್ಟಿ ಮುರಿಯುವಾಗ
ತಟ್ಟನೆ ಕಿವಿಗೆ ಬಿತ್ತು:
ಅಕ್ಷರ ಮೋಡಿ, ಮಾತು ನಮ್ಮದು.

ಕೂಸಿನ ಮೈ ತಣ್ಣಗಾತೇನು?

ಇನ್ನೂರೈವತ್ತು ವರ್ಷ
ಕಟ್ಟಿನೊಳಗೇ ಕೇಳುತ್ತ ಕೂತಿದ್ದ ಪ್ರಶ್ನೆ.
ಕೈಯ ತುತ್ತು ಕೈಯಲ್ಲೇ ಇತ್ತು.

ಉತ್ತರ ಹುಡುಕಿದೆ.
ಹೆಂಗಸರ ಓಲೆಗಳಿಗೆ ಇಲ್ಲಿ ರುಮಾಲಿಲ್ಲ.
ನಾಲ್ಕನೆಯ ದಿನ ಸಿಕ್ಕಿತು, ಮನೆಖರ್ಚಿನ ವಹಿಯಲ್ಲಿ,
ಕಾರಕೂನನ ಉರುಟು ಕೈ. ಮಾಘ ಶುದ್ಧ ಷಷ್ಠಿ:

ಬಿರುದಿನ ದರಬಾರಿಗೆ ಅಂಗಿಯ ಜರಿ, ಎಂಟು ರೂಪಾಯಿ.
ಅಬ್ದಾಗಿರಿ ಹಿಡಿವವನಿಗೆ ಮುಂಡಾಸು, ಒಂದೂಕಾಲು.
ವೈದ್ಯ ಬಾಳಂಭಟ್ಟರದು, ಬಾಕಿ.
ಬಿಳಿ ಅರಿವೆ, ಎರಡು ಮೊಳ, ಮೂರಾಣೆ.
ಹಾಲು, ನಾಳೆಯಿಂದ ಪಾವು ಕಡಿಮೆ ತರುವುದು.

ಆಮೇಲಿನ ಪತ್ರಗಳಲ್ಲಿ
ಆನೆಯ ಮೇವಿದೆ, ವಸೂಲಿಯ ತಕರಾರಿದೆ,
ಹೊಸ ಮೊಹರಿನಲ್ಲಿ ದಿಲಾವರ ಜಂಗ ಇದ್ದಾನೆ,
ನೋಡೋಣ ಇದೆ, ಎಣಿಸಿದೆ, ಒಂಬತ್ತು ಸಲ.
ಅಂಚು ಖಾಲಿ.

ಅವನ ನಂತರ ಬಿರುದು ಮಗನ ಹೆಸರಿಗಾಗಲು
ನಜರಾಣೆ ಐದು ಸಾವಿರ ಕೇಳಿದರು.
ಬಾಳೋಬ ಅಷ್ಟನ್ನೂ ಎಲೆಗಳ ಮೇಲೆ ಸೋತಿದ್ದ.
ಅಲ್ಲಿಗೆ ಮುಗಿಯಿತು ಜಂಗ.

ಕಾರ್ಡು ತುಂಬಬೇಕು ನಾನು.
ಪತ್ರದ ವಿಷಯ: ರಾಜಕೀಯ.
ವಹಿಯ ವಿಷಯ: ಕಿರಕೋಳ,
ಎಂದರೆ ಚಿಲ್ಲರೆ, ಬೇರೆ ಕಪಾಟು, ಬೇರೆ ಮಹಡಿ.
ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ನೋಡೋಣ ಅಂದುಕೊಂಡೆ.
ಐದೂಮುಕ್ಕಾಲಿಗೆ, ಗಂಟು ಕಟ್ಟುವ ಮೊದಲು,
ಆ ಹಾಳೆಯನ್ನು ಈ ಹಾಳೆಯ ಮೇಲಿಟ್ಟೆ,
ಪ್ರಶ್ನೆ ಕೆಳಗೆ, ಮೂರಾಣೆ ಮೇಲೆ.
ಇದು ನಿಯಮಕ್ಕೆ ವಿರುದ್ಧ.
ಸಾಲೇಕರ ಮೇಡಂ ಎದುರಿಗೇ ಇದ್ದರು,
ನೋಡಿದರು,
ಸೀನಿದರು.